ಮೀನಿಗೂ ಬಾತುಕೋಳಿಗೂ ಒಂದೇ ದೋಣಿ: ಅಲ್ಯೂಮಿನಿಯಂ ದೋಣಿ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಜನ ದೋಣಿ ಅಂಗಡಿಗೆ ಹೋಗುವುದು ಬೇಸಿಗೆಯಲ್ಲಿ. ಬಿಸಿಲಿರುತ್ತದೆ, ಗಾಳಿ ಇರುವುದಿಲ್ಲ, ತಲೆಯ ತುಂಬ ಮೀನು. ಹಾಗಾಗಿ ಮೆತ್ತನೆಯ ಸೀಟು, ಹಿಡಿದ ಮೀನನ್ನು ಜೀವಂತವಾಗಿ ಇಡುವ ದೊಡ್ಡ ತೊಟ್ಟಿಯಾದ ಲೈವ್‌ವೆಲ್, ಹೊಳೆಯುವ ಕೆಂಪು ಬಣ್ಣ ನೋಡಿ ಮನಸೋಲುತ್ತಾರೆ. ಅದೇ ದೋಣಿಯಲ್ಲಿ ಬಾತುಕೋಳಿ ಬೇಟೆಗೂ ಹೋಗುತ್ತೇವೆ ಅನ್ನುವವರು ಮಾತ್ರ ನವೆಂಬರ್ ತಿಂಗಳನ್ನು ಕಣ್ಮುಂದೆ ಇಟ್ಟುಕೊಂಡು ಅಂಗಡಿಗೆ ಹೋಗಬೇಕು. ಬೆಳಗಿನ ಜಾವ 5 ಗಂಟೆ, ಕತ್ತಲೆ, ನೀರು ಹೆಪ್ಪುಗಟ್ಟಲು ಇನ್ನೇನು ಸ್ವಲ್ಪವೇ ಬಾಕಿ, ದೋಣಿಯಲ್ಲಿ ಇಬ್ಬರು ದಪ್ಪ ಬಟ್ಟೆಯವರು, ಒಂದು ನಾಯಿ, ಮೂಟೆಗಟ್ಟಲೆ ಸಾಮಾನು. ಆ ಹೊತ್ತಿಗೆ ಸಾಕಾಗುವ ದೋಣಿ ಜುಲೈನಲ್ಲಿ ಮೀನಿಗೆ ಖಂಡಿತ ಸಾಕಾಗುತ್ತದೆ. ಜುಲೈಗೆ ಕೊಂಡದ್ದು ನವೆಂಬರಿಗೆ ಸಾಕಾಗುತ್ತದೆ ಅಂತ ಹೇಳಲಾಗುವುದಿಲ್ಲ.

ನಾನು ಬರೆಯುತ್ತಿರುವುದು ಅಮೆರಿಕದ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ನಡುವೆ ಹರಿಯುವ ಮೇಲ್ದಂಡೆ ಮಿಸಿಸಿಪಿಯನ್ನೂ ಅದರ ಅಕ್ಕಪಕ್ಕದ ಕೆರೆಗಳನ್ನೂ ಮನಸ್ಸಲ್ಲಿಟ್ಟುಕೊಂಡು. ಅರ್ಕಾನ್ಸಾಸಿನ ಮುಳುಗಿದ ಕಾಡು, ಲೂಸಿಯಾನದ ಜೌಗು ಬೇರೆ ಥರ. ಆದರೆ ಆರಿಸುವ ಕ್ರಮ ಎಲ್ಲ ಕಡೆಯೂ ಒಂದೇ. ನಮ್ಮ ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಬಾತುಗಳ ಬೇಟೆ ಅಪರಾಧ. ಇಲ್ಲಿ ಬೇಟೆಯ ಭಾಗವೆಲ್ಲ ಅಮೆರಿಕಕ್ಕೆ ಸೇರಿದ್ದು.

ಹೆಜ್ಜೆ 1: ನಿಮ್ಮ ನೀರು ಯಾವುದು?

ಬ್ರೋಷರ್ ತೆಗೆಯುವ ಮೊದಲು ಒಂದು ಕಾಗದ ತೆಗೆಯಿರಿ. ನೀವು ನಿಜವಾಗಿ ಹೋಗುವ ಜಾಗಗಳನ್ನು ಬರೆಯಿರಿ. ಕನಸಿನ ಜಾಗ ಬೇಡ, ಮನೆಯಿಂದ ಒಂದೆರಡು ಗಂಟೆಯೊಳಗಿನ ಜಾಗ ಸಾಕು. ಪ್ರತಿಯೊಂದರ ಮುಂದೆ ಮೂರು ವಿಷಯ ಇರಲಿ: ಅತಿ ಕಡಿಮೆ ಆಳ ಎಷ್ಟು, ಗಾಳಿಗೆ ಎಷ್ಟು ತೆರೆದಿದೆ, ತಳದಲ್ಲಿ ಏನಿದೆ.

ಮಿಸಿಸಿಪಿಯ ಈ ಭಾಗದಲ್ಲಿ ಮೂರೂ ಒಟ್ಟಿಗೇ ಎದುರಾಗುತ್ತವೆ. ಹಿನ್ನೀರುಗಳಲ್ಲಿ ಮೊಣಕಾಲುದ್ದ ನೀರು, ಅದರಡಿ ಕೆಸರು, ಮೇಲೆ ಕಳೆ. ಮುಖ್ಯ ಕಾಲುವೆಯಲ್ಲಿ ಸರಕು ದೋಣಿಗಳ ಅಲೆ. ಜೊತೆಗೆ ವಿಂಗ್ ಡ್ಯಾಮ್‌ಗಳು. ನದಿಯ ಹರಿವನ್ನು ನಡುವಿಗೆ ತಳ್ಳಲು ಬಹಳ ಹಿಂದೆ ದಡದಿಂದ ಅಡ್ಡಲಾಗಿ ಪೇರಿಸಿದ ಕಲ್ಲಿನ ಸಾಲುಗಳಿವು. ಈಗ ಹೆಚ್ಚಿನವು ನೀರಿನಡಿ ಮುಳುಗಿವೆ. ವಾಲೈ ಮೀನಿಗೆ ಇವು ಒಳ್ಳೆಯ ಜಾಗ, ದೋಣಿಯ ತಳಕ್ಕೆ ಕೆಟ್ಟ ಜಾಗ. ಇನ್ನು ಲೇಕ್ ಪೆಪಿನ್. ಸುಮಾರು 35 ಕಿಲೋಮೀಟರ್ ಉದ್ದಕ್ಕೆ ನದಿಯೇ ಅಗಲವಾಗಿ ಕೆರೆಯಾದ ಜಾಗ ಅದು. ಗಾಳಿ ಉದ್ದಕ್ಕೂ ಬೀಸಿದರೆ ಸಣ್ಣ ದೋಣಿಗಳು ದಡದಲ್ಲೇ ಇರುವುದು ಒಳ್ಳೆಯದು.

ಪಟ್ಟಿ ನೋಡಿದಾಗ ನಿಮ್ಮ ಬೇಟೆಯ ನೀರು ಆಳವಿಲ್ಲದ್ದು, ಮೀನಿನ ನೀರು ತೆರೆದದ್ದು ಅಂತ ಗೊತ್ತಾದರೆ ಗಾಬರಿ ಬೇಡ. ಹೆಚ್ಚಿನವರ ಕಥೆ ಅದೇ. ಆದರೆ ಮಿಲ್ ಲ್ಯಾಕ್ಸ್ ಥರದ ದೊಡ್ಡ ಕೆರೆಯ ನಡುವೆ ವಾಲೈ ಹಿಡಿಯುವುದೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಒಂದೇ ದೋಣಿಯ ಯೋಚನೆ ಬಿಡಿ. ಅಲ್ಲಿಗೆ ಡೀಪ್-ವಿ, ಅಂದರೆ ತಳ ಆಳಕ್ಕೆ ಚೂಪಾದ ದೋಣಿ, ಬೇಕು. ಅದು ಹುಲ್ಲಿನ ನಡುವೆ ಅಡಗುವುದಿಲ್ಲ, ಅರ್ಧ ಅಡಿ ನೀರಲ್ಲಿ ತೇಲುವುದೂ ಇಲ್ಲ. ಬೇಟೆಗೆ ಬೇರೆ ಸಣ್ಣ ಹಳೆಯ ಜಾನ್ ಬೋಟ್, ಅಂದರೆ ಚಪ್ಪಟೆ ತಳದ ದೋಣಿ, ಇಟ್ಟುಕೊಳ್ಳುವುದೇ ಜಾಣತನ.

ಹೆಜ್ಜೆ 2: ಭಾರದ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಬಹಳ ಜನ ಬಿಟ್ಟುಬಿಡುವುದೂ ಇದನ್ನೇ.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಮೋಟಾರ್ ದೋಣಿಗಳ ಮೇಲೆ ತಯಾರಕರು ಸಾಮರ್ಥ್ಯದ ಫಲಕ ಅಂಟಿಸಬೇಕು ಅನ್ನುವ ಫೆಡರಲ್ ನಿಯಮ 1972ರಿಂದ ಇದೆ. ಅದರಲ್ಲಿ ಎಷ್ಟು ಜನ, ಎಷ್ಟು ಪೌಂಡ್, ಎಷ್ಟು ಅಶ್ವಶಕ್ತಿ ಅಂತ ಬರೆದಿರುತ್ತದೆ. ಮಾರುವವರು ತೋರಿಸುವುದು "4 ಜನ" ಅನ್ನುವ ಸಾಲು. ನೀವು ನೋಡಬೇಕಾದದ್ದು ಜನ, ಮೋಟಾರ್, ಸಾಮಾನು ಮೂರನ್ನೂ ಸೇರಿಸಿದ ಪೌಂಡ್‌ಗಳ ಸಾಲು.

ನವೆಂಬರಿನ ಒಂದು ಬೆಳಗಿಗೆ ಲೆಕ್ಕ ಹಾಕೋಣ. ವೇಡರ್ (ನೀರಿಗಿಳಿಯಲು ಎದೆಯ ತನಕ ಹಾಕುವ ಉಡುಪು), ಜಾಕೆಟ್ ಎಲ್ಲ ಹಾಕಿಕೊಂಡ ಇಬ್ಬರು, ತಲಾ 220ರಂತೆ 440 ಪೌಂಡ್. ಲ್ಯಾಬ್ರಡಾರ್ ನಾಯಿ 75. 25 ಅಶ್ವಶಕ್ತಿಯ ಮೋಟಾರ್ 150. ಬ್ಯಾಟರಿ ಒಂದು, 55. 6 ಗ್ಯಾಲನ್ ಪೆಟ್ರೋಲು ತುಂಬಿದ ಟ್ಯಾಂಕ್ 45. ಮೂರು ಡಜನ್ ಡಿಕಾಯ್, ಅಂದರೆ ನೀರಲ್ಲಿ ತೇಲಬಿಡುವ ಪ್ಲಾಸ್ಟಿಕ್ ಬಾತುಗಳು, ದಾರ ಮತ್ತು ಸೀಸದ ತೂಕ ಸೇರಿ 70. ದೋಣಿಗೆ ಕಟ್ಟುವ ಬ್ಲೈಂಡ್, ಅಂದರೆ ಮರೆ, 70. ಬಂದೂಕು, ತೋಟಾ, ತಿಂಡಿ, ಕಾಫಿ 50. ಲಂಗರು, ಹಗ್ಗ, ಹುಟ್ಟು, ನೀರಿಗೆ ಊರಿ ತಳ್ಳುವ ಗಳ 30. ಒಟ್ಟು 985 ಪೌಂಡ್. ಹತ್ತಿರ ಹತ್ತಿರ 450 ಕೆಜಿ. ಇನ್ನೂ ಮೂರನೆಯ ಗೆಳೆಯ ಬಂದೇ ಇಲ್ಲ. ಮಂಜುಗಡ್ಡೆ ಹಿಡಿದ ಹಗ್ಗ, ಒದ್ದೆಯಾದ ನಾಯಿ, ಕಾಲಲ್ಲಿ ಬಂದ ಕೆಸರು ಇವು ಯಾವುದೂ ಲೆಕ್ಕದಲ್ಲಿಲ್ಲ.

ಈ ಸಂಖ್ಯೆ ಹಿಡಿದು ಅಂಗಡಿಗೆ ಹೋದರೆ ಅರ್ಧಕ್ಕರ್ಧ ದೋಣಿಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. 14 ಅಡಿ ಉದ್ದ, 36 ಇಂಚು ತಳದ ಚಿಕ್ಕ ಜಾನ್ ಬೋಟ್‌ಗಳ ಫಲಕ ಸಾವಿರ ಪೌಂಡಿನ ಹತ್ತಿರಕ್ಕೂ ಬರುವುದಿಲ್ಲ. ನನ್ನ ನಿಯಮ ಹೀಗೆ: ನಿಮ್ಮ ಲೆಕ್ಕಕ್ಕಿಂತ ಫಲಕದ ಸಂಖ್ಯೆ ಕಡಿಮೆಯೆಂದರೂ ಕಾಲು ಭಾಗ ಜಾಸ್ತಿ ಇರಬೇಕು. ಫಲಕದ ಲೆಕ್ಕ ಒಳ್ಳೆಯ ಹವಾಮಾನಕ್ಕೆ ಹಾಕಿದ್ದು. ಬಾತುಕೋಳಿ ಚೆನ್ನಾಗಿ ಹಾರುವುದು ಕೆಟ್ಟ ಹವಾಮಾನದಲ್ಲಿ.

1940ರ ನವೆಂಬರ್ 11ರ ಬಿರುಗಾಳಿಯ ಕಥೆಯನ್ನು ಈ ಭಾಗದ ಹಳೆಯ ಬೇಟೆಗಾರರು ಈಗಲೂ ಹೇಳುತ್ತಾರೆ. ಬೆಳಿಗ್ಗೆ ಹವೆ ಬೆಚ್ಚಗಿತ್ತು. ರಜಾ ದಿನ. ಬಾತುಗಳು ಎಂದೂ ಕಾಣದಷ್ಟು ಇಳಿಯುತ್ತಿದ್ದವು. ತೆಳು ಬಟ್ಟೆಯಲ್ಲಿ ಸಣ್ಣ ದೋಣಿ ಹತ್ತಿ ನದಿಯ ದ್ವೀಪಗಳಿಗೆ ಹೋದವರು ಮಧ್ಯಾಹ್ನ ಗಾಳಿ ಎದ್ದಾಗ ವಾಪಸ್ ಬರಲಾಗದೆ ಸಿಕ್ಕಿಬಿದ್ದರು. ಮಿನ್ನೆಸೋಟದಲ್ಲೇ 49 ಜನ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬೇಟೆಗಾರರು. ಈಗ ಕೈಯಲ್ಲೇ ಹವಾಮಾನ ವರದಿ ಇದೆ, ನಿಜ. ದೋಣಿಯ ಅಂಚಿಗೂ ನೀರಿಗೂ ನಡುವಿನ ಅಂತರ ಮಾತ್ರ ಈಗಲೂ ಭಾರವನ್ನೇ ನಂಬಿಕೊಂಡಿದೆ.

ಹೆಜ್ಜೆ 3: ಉದ್ದ, ಅಗಲ, ಬದಿಯ ಎತ್ತರ

ಜಾನ್ ಬೋಟ್‌ಗಳ ಹೆಸರಲ್ಲೇ ಅಳತೆ ಇರುತ್ತದೆ. 1448 ಅಂದರೆ 14 ಅಡಿ ಉದ್ದ, ತಳದ ಅಗಲ 48 ಇಂಚು. 1652 ಅಂದರೆ 16 ಅಡಿ, 52 ಇಂಚು. ಮೇಲಿನ ಅಂಚಿನ ಅಗಲ ಇದಕ್ಕಿಂತ ಜಾಸ್ತಿ ಇರುತ್ತದೆ. ಹೋಲಿಸುವಾಗ ತಳದ ಅಗಲವನ್ನೇ ಹೋಲಿಸಿ.

ಉದ್ದಕ್ಕಿಂತ ಅಗಲಕ್ಕೆ ಹಣ ಹಾಕಿ. ಬೇಟೆಯಲ್ಲಿ ಇಬ್ಬರೂ ಒಂದೇ ಬದಿಗೆ ಎದ್ದು ನಿಂತು ಗುಂಡು ಹಾರಿಸುತ್ತಾರೆ. ಅದೇ ಕ್ಷಣಕ್ಕೆ ನಾಯಿ ಅದೇ ಬದಿಯಿಂದ ನೀರಿಗೆ ಹಾರುತ್ತದೆ. 36 ಇಂಚಿನ ತಳದಲ್ಲಿ ಇದನ್ನು ಮಾಡುವ ಧೈರ್ಯ ನನಗಿಲ್ಲ. 48 ಇಂಚು ಕನಿಷ್ಠ ಅಂತ ಇಟ್ಟುಕೊಳ್ಳಿ. 52 ಇದ್ದರೆ ಆರಾಮ. ಮೀನು ಹಿಡಿಯುವಾಗಲೂ ಮುಂದೆ ನಿಂತು ಗಾಳ ಬೀಸಲು ಇದೇ ಅಗಲ ಅನುಕೂಲ.

ಒಬ್ಬರೇ ಹೋಗುವವರಿಗೆ, ಅಥವಾ ಒಬ್ಬರು ಮತ್ತು ನಾಯಿಗೆ, 1448 ಸಾಕು. ಸಣ್ಣ ಕಾರಿನ ಹಿಂದೆಯೂ ಎಳೆಯಬಹುದು. ಇಬ್ಬರಿಗೆ 1648 ಅಥವಾ 1652. ಮೂವರು ಖಾಯಂ ಅಂದರೆ 17 ಅಥವಾ 18 ಅಡಿಗೆ ಹೋಗಲೇಬೇಕು. ಆಗ ಮೋಟಾರೂ ದೊಡ್ಡದಾಗುತ್ತದೆ, ಒಬ್ಬರೇ ಕೆಸರಿನಿಂದ ತಳ್ಳಿ ಬಿಡಿಸಿಕೊಳ್ಳುವುದು ಆಗದ ಮಾತು.

ಬದಿಯ ಎತ್ತರ 20 ಇಂಚಿಗಿಂತ ಕಡಿಮೆ ಬೇಡ. ಎತ್ತರ ಜಾಸ್ತಿಯಾದಷ್ಟೂ ಅಲೆಗೆ ಒಳ್ಳೆಯದು, ಅಡಗಲು ಕಷ್ಟ, ನಾಯಿಗೆ ಹತ್ತಲು ಇನ್ನೂ ಕಷ್ಟ. ನಾಯಿಯ ಏಣಿ ಕೊಂಡರೆ ಆಯಿತು.

ಹೆಜ್ಜೆ 4: ತಳದ ಆಕಾರ

ಚಪ್ಪಟೆ ತಳದ ಜಾನ್ ಬೋಟ್ ನಮ್ಮ ತುಂಗಭದ್ರೆಯ ಹರಿಗೋಲಿನ ಹಾಗೆ, ತೀರ ಕಡಿಮೆ ನೀರಲ್ಲೂ ಭಾರ ಹೊತ್ತು ತೇಲುತ್ತದೆ. ನಿಂತರೆ ಗಟ್ಟಿ. ಆದರೆ ಅಲೆ ಎದ್ದಾಗ ಪ್ರತಿಯೊಂದು ಅಲೆಯೂ ತಳಕ್ಕೆ ಬಂದು ಬಡಿಯುತ್ತದೆ, ನೀರು ಮುಖಕ್ಕೆ ಎರಚುತ್ತದೆ. ಜುಲೈನಲ್ಲಿ ಅದು ತಮಾಷೆ. ನವೆಂಬರಿನಲ್ಲಿ ಆ ನೀರು ಜಾಕೆಟ್ ಮೇಲೇ ಹೆಪ್ಪುಗಟ್ಟುತ್ತದೆ.

ಮಾಡ್-ವಿ ಅನ್ನುವುದು ನಡುದಾರಿ. ಮೂತಿಯಲ್ಲಿ ಸ್ವಲ್ಪ ಚೂಪು, ಹಿಂದಕ್ಕೆ ಬರುತ್ತ ಚಪ್ಪಟೆ. ಅಲೆಯನ್ನು ಒಂದಿಷ್ಟು ಸೀಳುತ್ತದೆ, ನಿಂತಾಗ ವಾಲುವುದೂ ಕಡಿಮೆ. ಎರಡು ಕೆಲಸಕ್ಕೆ ಒಂದೇ ದೋಣಿ ಬೇಕು ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ಒಂದೇ ಷರತ್ತು. ನಿಮ್ಮ ಬೇಟೆಯ ಜಾಗದಲ್ಲಿ ನೀರಿಗಿಂತ ಕೆಸರೇ ಜಾಸ್ತಿಯಾಗಿದ್ದು, ಕೆಸರಲ್ಲೂ ಓಡುವ ಮಡ್ ಮೋಟಾರ್ ಹಾಕುವವರಿದ್ದರೆ ಚಪ್ಪಟೆ ತಳವೇ ಬೇಕು. ತಳದ ಹೊರಬದಿಯಲ್ಲಿ ಉದ್ದುದ್ದ ಪಟ್ಟಿಗಳು ಜಾಸ್ತಿ ಇಲ್ಲದ ನುಣುಪು ತಳ ಸಿಕ್ಕರೆ ಇನ್ನೂ ಒಳ್ಳೆಯದು. ಕೆಸರಿನ ಮೇಲೆ, ಮರದ ದಿಮ್ಮಿಯ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ.

ಹೆಜ್ಜೆ 5: ತಗಡಿನ ದಪ್ಪ, ರಿವೆಟ್ ಮತ್ತು ವೆಲ್ಡಿಂಗ್

ಹೆಚ್ಚಿನ ದೋಣಿಗಳಿಗೆ ಬಳಸುವುದು 5052 ಅನ್ನುವ ಮಿಶ್ರಲೋಹ. ಕೆಲವು ಗಟ್ಟಿ ದೋಣಿಗಳಲ್ಲಿ 5086 ಇರುತ್ತದೆ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ಕೇಳಿ. ಇಂಚಿನ ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ: 0.063 ಅಂದರೆ ಸುಮಾರು 1.6 ಮಿಮೀ, 0.080 ಅಂದರೆ 2 ಮಿಮೀ, 0.100 ಅಂದರೆ 2.5 ಮಿಮೀ, 0.125 ಅಂದರೆ 3.2 ಮಿಮೀ. ಕೆರೆಯಲ್ಲಿ ಬರೀ ಮೀನು ಹಿಡಿಯುವವರಿಗೆ 0.063 ಕೂಡ ವರ್ಷಗಟ್ಟಲೆ ಬಾಳುತ್ತದೆ. ಕಲ್ಲು, ಮರದ ಬೊಡ್ಡೆ, ಬೆಳಗಿನ ತೆಳು ಮಂಜುಗಡ್ಡೆ ಇವುಗಳ ನಡುವೆ ಓಡಿಸುವವರಿಗೆ 0.100 ಬೇಕು. 0.125 ಇನ್ನೂ ಗಟ್ಟಿ. ಅಷ್ಟೇ ಭಾರ, ಅಷ್ಟೇ ದುಬಾರಿ. ಭಾರ ಹೆಚ್ಚಾದರೆ ಮೋಟಾರೂ ದೊಡ್ಡದು ಬೇಕು, ದೋಣಿ ಇಳಿಯುವ ಆಳವೂ ಜಾಸ್ತಿ. 25 ಅಶ್ವಶಕ್ತಿಯಲ್ಲೇ ಇರುತ್ತೇನೆ ಅನ್ನುವವರು 0.100ರಲ್ಲಿ ನಿಲ್ಲಿಸಿ.

ರಿವೆಟ್ ಒಳ್ಳೆಯದೋ ವೆಲ್ಡಿಂಗ್ ಒಳ್ಳೆಯದೋ ಅನ್ನುವ ಜಗಳಕ್ಕೆ ಕೊನೆ ಇಲ್ಲ. ರಿವೆಟ್ ದೋಣಿ ಅಗ್ಗ, ಹಗುರ. ವರ್ಷಗಳು ಕಳೆದಂತೆ ಬಡಿತ ತಿಂದು ರಿವೆಟ್ ಸಡಿಲವಾಗುತ್ತದೆ, ಹನಿ ಹನಿ ನೀರು ಬರುತ್ತದೆ. ಸುತ್ತಿಗೆ ಹಿಡಿದು ಇಬ್ಬರು ಕೂತರೆ ಮನೆಯಲ್ಲೇ ಬಿಗಿ ಮಾಡಬಹುದು, ಗ್ಲುವಿಟ್ ಥರದ ಎಪಾಕ್ಸಿ ಬಳಿಯಬಹುದು. ವೆಲ್ಡ್ ಮಾಡಿದ ದೋಣಿಯಲ್ಲಿ ಸೋರಿಕೆಯ ತಲೆನೋವು ಕಡಿಮೆ. ಬಿರುಕು ಬಿಟ್ಟರೆ ಮಾತ್ರ ಅಲ್ಯೂಮಿನಿಯಂ ವೆಲ್ಡಿಂಗ್ ಬಲ್ಲವರೇ ಬೇಕು. ಹೊಸದಾದರೆ ವೆಲ್ಡ್ ಮಾಡಿದ್ದು, ಹಳೆಯದಾದರೆ ಯಾವುದು ಒಳ್ಳೆಯ ಸ್ಥಿತಿಯಲ್ಲಿದೆಯೋ ಅದು. ಮಿನ್ನೆಸೋಟದ ಆಲುಮಾಕ್ರಾಫ್ಟ್‌ನ ರಿವೆಟ್ ದೋಣಿಗಳು ದಶಕಗಳಷ್ಟು ಹಳೆಯವು ಈಗಲೂ ಈ ನದಿಯಲ್ಲಿ ಓಡಾಡುತ್ತಿವೆ.

ಬ್ರ್ಯಾಂಡ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅರ್ಕಾನ್ಸಾಸಿನ ವಾರ್ ಈಗಲ್, ಸೀಆರ್ಕ್, ಎಕ್ಸೆಲ್, ಎಕ್ಸ್‌ಪ್ರೆಸ್ ಬೇಟೆಗಾರರ ನಡುವೆ ಹೆಸರು ಮಾಡಿದವು. ಮಿಸ್ಸೂರಿ ಕಡೆಯ ಟ್ರ್ಯಾಕರ್ ಗ್ರಿಜ್ಲಿ, ಲೋ ರಫ್‌ನೆಕ್, ಜಿ3 ಕೂಡ ಎಲ್ಲೆಡೆ ಸಿಗುತ್ತವೆ. ನನ್ನ ಮಟ್ಟಿಗೆ ಹತ್ತಿರದಲ್ಲಿ ಒಳ್ಳೆಯ ಡೀಲರ್ ಇರುವುದೇ ಒಳ್ಳೆಯ ಬ್ರ್ಯಾಂಡ್.

ಹೆಜ್ಜೆ 6: ಮೋಟಾರ್

ಮೀನು ಮತ್ತು ಬಾತು ನಿಜವಾಗಿ ಜಗಳ ಆಡುವುದು ಇಲ್ಲಿ.

ಸಾಮಾನ್ಯ ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರ್, ಸದ್ದು ಕಡಿಮೆ ಮಾಡುತ್ತದೆ, ವೇಗ ಕೊಡುತ್ತದೆ, ರಿವರ್ಸ್ ಇದೆ, ನಿಧಾನವಾಗಿ ಸಾಗುತ್ತ ಗಾಳ ಎಳೆಯುವ ಟ್ರೋಲಿಂಗ್ ಮಾಡಬಹುದು. ಮೀನಿಗೆ ಇದನ್ನು ಮೀರಿಸಿದ್ದಿಲ್ಲ. ಅದರ ಶತ್ರು ಕಳೆ ಮತ್ತು ಕೆಸರು. ಎಂಜಿನ್ ತಂಪಾಗಲು ಹೊರಗಿನ ನೀರನ್ನೇ ಎಳೆದುಕೊಳ್ಳುತ್ತದೆ. ಆ ಬಾಯಿಗೆ ಕಳೆ ಮುಚ್ಚಿಕೊಂಡರೆ ಬಿಸಿಯೇರುತ್ತದೆ. ಮಡ್ ಮೋಟಾರ್‌ಗಳು ಹೆಚ್ಚಾಗಿ ಗಾಳಿಯಿಂದ ತಂಪಾಗುವ ಎಂಜಿನ್‌ಗಳು. ಇದರಲ್ಲಿ ಎರಡು ಜಾತಿ. ಲಾಂಗ್‌ಟೈಲ್‌ನಲ್ಲಿ ಉದ್ದನೆಯ ದಂಡದ ತುದಿಗೆ ಪ್ರೊಪೆಲರ್ ಇರುತ್ತದೆ. ಸರಳ, ಅಗ್ಗ, ರಿಪೇರಿ ಸುಲಭ. ತಿರುಗಿಸಲು ತೋಳಲ್ಲಿ ಬಲ ಬೇಕು. ಸರ್ಫೇಸ್ ಡ್ರೈವ್ ಅದಕ್ಕಿಂತ ಚಿಕ್ಕದು, ವೇಗ ಜಾಸ್ತಿ, ಬೆಲೆಯೂ ಜಾಸ್ತಿ. ದೊಡ್ಡ ಸರ್ಫೇಸ್ ಡ್ರೈವ್ ಅದೇ ದೋಣಿಯ ಔಟ್‌ಬೋರ್ಡಿಗಿಂತ ಬಹಳ ಭಾರ. ಹಿಂಬದಿ ತಗ್ಗುತ್ತದೆ. ಹಾಗಾಗಿ ಇಂಥ ದೋಣಿಗಳಿಗೆ ಹಿಂದೆ ಎರಡು ಗಾಳಿಪೆಟ್ಟಿಗೆ ವೆಲ್ಡ್ ಮಾಡಿರುತ್ತಾರೆ, ಪಾಡ್ ಅನ್ನುತ್ತಾರೆ. ಸದ್ದಂತೂ ಕಿವಿ ಕಿತ್ತುಹೋಗುವಷ್ಟು. ಇಯರ್ ಮಫ್ ಇಲ್ಲದೆ ಓಡಿಸಬೇಡಿ.

ತೀರ್ಮಾನ ಹೇಗೆ? ನಿಮ್ಮ ಹೆಜ್ಜೆ 1ರ ಕಾಗದ ತೆಗೆಯಿರಿ. ಬೇಟೆಯ ಜಾಗ ತಲುಪುವ ದಾರಿಯಲ್ಲಿ ಕೊನೆಯ ನೂರು ಮೀಟರ್ ಮಾತ್ರ ಕೆಸರಾಗಿದ್ದರೆ ಔಟ್‌ಬೋರ್ಡ್ ಕೊಳ್ಳಿ, ಅಷ್ಟು ದೂರ ಗಳ ಹಾಕಿ ತಳ್ಳಿ. ಬೆವರು ಬರುತ್ತದೆ, ಅಷ್ಟೇ. ದಾರಿಯ ಅರ್ಧ ಕೆಸರೇ ಆಗಿದ್ದರೆ ಮಡ್ ಮೋಟಾರ್. ವರ್ಷದ ಲೆಕ್ಕದಲ್ಲಿ ಹೆಚ್ಚಿನವರಿಗೆ ಮೀನಿನ ದಿನಗಳೇ ಜಾಸ್ತಿ, ಹಾಗಾಗಿ ಹೆಚ್ಚಿನವರಿಗೆ ಔಟ್‌ಬೋರ್ಡೇ ಸರಿ. ಕಲ್ಲಿನ ಹರಿಯುವ ನದಿಗಳವರು, ಪ್ರೊಪೆಲರ್ ಬದಲು ನೀರು ಚಿಮ್ಮಿಸಿ ದೋಣಿ ತಳ್ಳುವ ಜೆಟ್ ಔಟ್‌ಬೋರ್ಡ್ ನೋಡಬಹುದು. ಅದೇ ಎಂಜಿನ್ನಿಗೆ ಜೆಟ್ ಪಂಪ್ ಹಾಕಿದರೆ ಶಕ್ತಿ ಸುಮಾರು 30 ಶೇಕಡಾ ಕಡಿಮೆಯಾಗುತ್ತದೆ, ಅದಕ್ಕೆ ತಯಾರಾಗಿರಿ. ಕಳೆಯನ್ನೂ ಅದು ಸಹಿಸುವುದಿಲ್ಲ.

ಕೊಳ್ಳುವ ಮೊದಲು ಇನ್ನೊಂದು ಅಳತೆ. ಮೋಟಾರ್ ಕೂರುವ ಹಿಂಬದಿ ಗೋಡೆಯನ್ನು ಟ್ರಾನ್ಸಮ್ ಅನ್ನುತ್ತಾರೆ. ಅದರ ಎತ್ತರ 15 ಇಂಚು ಇದ್ದರೆ ಶಾರ್ಟ್ ಶಾಫ್ಟ್ ಮೋಟಾರ್, 20 ಇಂಚು ಇದ್ದರೆ ಲಾಂಗ್ ಶಾಫ್ಟ್. ಪ್ರೊಪೆಲರಿನ ಮೇಲಿರುವ ಚಪ್ಪಟೆ ತಟ್ಟೆ ಹೆಚ್ಚುಕಡಿಮೆ ದೋಣಿಯ ತಳದ ಮಟ್ಟಕ್ಕೆ ಬರಬೇಕು. ಹಳೆಯ ದೋಣಿಗೆ ಎಲ್ಲಿಂದಲೋ ಅಗ್ಗದ ಮೋಟಾರ್ ತಂದು ಹಾಕುವವರು ಇಲ್ಲೇ ಎಡವುತ್ತಾರೆ.

ಅಶ್ವಶಕ್ತಿ ಫಲಕದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಬೇಡವೇ ಬೇಡ. ತೀರ ಕಡಿಮೆಯೂ ಬೇಡ. ಸಾವಿರ ಪೌಂಡ್ ಹೊತ್ತ 1648ಕ್ಕೆ 9.9 ಹಾಕಿದರೆ ಮೂತಿ ಎತ್ತಿಕೊಂಡು ನೀರು ಉಳುತ್ತ ಹೋಗುತ್ತದೆ. 25 ಹದವಾಗಿದೆ.

ಸ್ಟಿಯರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಟಿಲ್ಲರ್, ಅಂದರೆ ಮೋಟಾರನ್ನೇ ಹಿಡಿದು ತಿರುಗಿಸುವ ಹಿಡಿ, ತೆಗೆದುಕೊಳ್ಳಿ. ಕನ್ಸೋಲ್ ಚಕ್ರ ಆರಾಮ, ಆದರೆ ನಾಯಿ ಮಲಗುವ ಜಾಗವನ್ನೇ ನುಂಗುತ್ತದೆ. ಅದರ ಕೇಬಲ್ ಚಳಿಗೆ ಹಿಡಿದುಕೊಳ್ಳಲೂ ಬಹುದು.

ಹೆಜ್ಜೆ 7: ಒಳಗೆ ಏನಿರಬೇಕು, ಏನಿರಬಾರದು

ಕಾರ್ಪೆಟ್ ಬೇಡ. ಕೆಸರು, ನಾಯಿಕೂದಲು, ಮೀನಿನ ಲೋಳೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯಾಗಿ ರಾತ್ರಿ ಕಳೆದರೆ ಬೆಳಿಗ್ಗೆ ಕಾಲಡಿ ಮಂಜುಗಡ್ಡೆ. ಜಾರದ ಹಾಗೆ ಒರಟಾಗಿ ಪೇಂಟ್ ಮಾಡಿದ ಅಲ್ಯೂಮಿನಿಯಂ ನೆಲ ಬೇಕು.

ಲೈವ್‌ವೆಲ್ ಮೀನುಗಾರರಿಗೆ ಪ್ರಾಣ. ಆದರೆ ಅದರ ಪಂಪು, ಪೈಪುಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಒಡೆಯುತ್ತವೆ. ಎರಡು ಕೆಲಸದ ದೋಣಿಗೆ ಕೂಡಿಸಿದ ಲೈವ್‌ವೆಲ್‌ಗಿಂತ ಗಾಳಿ ಪಂಪ್ ಇರುವ ಕೂಲರ್ ಒಳ್ಳೆಯದು. ಅಕ್ಟೋಬರಿನಲ್ಲಿ ಎತ್ತಿ ಗ್ಯಾರೇಜಲ್ಲಿಟ್ಟರೆ ಮುಗಿಯಿತು. ಅದೇ ರೀತಿ ಕಂಬದ ಮೇಲಿನ ಎತ್ತರದ ಸೀಟುಗಳು ಬಿಚ್ಚುವಂತಿರಲಿ. ನಡುವೆ ಅಡ್ಡಹಲಗೆ ಇಲ್ಲದ ತೆರೆದ ನೆಲ ಇದ್ದರೆ ಡಿಕಾಯ್ ಚೀಲ, ನಾಯಿ, ಬಂದೂಕು ಎಲ್ಲಕ್ಕೂ ಜಾಗ. ಮುಂದೆ ಸಣ್ಣದೊಂದು ಡೆಕ್ ಇರಲಿ. ಗಾಳ ಬೀಸಲು ಅದೇ ಜಾಗ, ಡಿಕಾಯ್ ಹರಡಲೂ ಅದೇ ಜಾಗ.

ಬಣ್ಣ ಹೊಳಪಿಲ್ಲದ ಹಸಿರು ಅಥವಾ ಕಂದು. ಕಾರ್ಖಾನೆಯ ಕ್ಯಾಮೊ, ಅಂದರೆ ಮರೆಮಾಚುವ, ಚಿತ್ತಾರಕ್ಕೆ ಜಾಸ್ತಿ ಹಣ ಕೊಡಬೇಕಿಲ್ಲ. ಬಾತುಕೋಳಿಗೆ ಮೊದಲು ಕಾಣುವುದು ಹೊಳಪು ಮತ್ತು ಅಲುಗಾಟ. ಬ್ಲೈಂಡಿಗೆ ಅಲ್ಲಿಯ ಹುಲ್ಲನ್ನೇ ಕಟ್ಟಿದರೆ ಯಾವ ಚಿತ್ತಾರವೂ ಬೇಕಾಗುವುದಿಲ್ಲ. ಮುಚ್ಚಿದ ಬ್ಲೈಂಡಿನೊಳಗೆ ಗ್ಯಾಸ್ ಹೀಟರ್ ಹಚ್ಚುವವರು ಗಾಳಿ ಆಡುವಷ್ಟು ಜಾಗ ಬಿಡಬೇಕು. ಕಾರ್ಬನ್ ಮೊನಾಕ್ಸೈಡ್ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ, ತುಂಬಿಕೊಂಡರೂ ಗೊತ್ತಾಗುವುದಿಲ್ಲ.

ಹೊಸ ನೆಲ, ಪೆಟ್ಟಿಗೆ ಅಂತ ಮನೆಯಲ್ಲೇ ಮಾಡುವವರಿಗೆ ಒಂದು ಎಚ್ಚರಿಕೆ. ಹುಳು ಹಿಡಿಯದ ಹಾಗೆ ತಾಮ್ರದ ರಾಸಾಯನಿಕ ಕುಡಿಸಿದ ಮರವನ್ನು ಅಲ್ಯೂಮಿನಿಯಂಗೆ ತಾಗಿಸಬೇಡಿ. ಒದ್ದೆಯಾದಾಗ ಅದರ ತಾಮ್ರ ತಗಡನ್ನು ತಿನ್ನುತ್ತದೆ. ಮಾಮೂಲಿ ಪ್ಲೈವುಡ್‌ಗೆ ಎಲ್ಲ ಅಂಚಿಗೂ ಎಪಾಕ್ಸಿ ಬಳಿದು ಹಾಕಿ.

ಹೆಜ್ಜೆ 8: ಹಳೆಯ ದೋಣಿ ನೋಡುವ ಬಗೆ

ಹೊಸ 1648, 25 ಅಶ್ವಶಕ್ತಿಯ ಮೋಟಾರ್, ಟ್ರೇಲರ್ ಸೇರಿದರೆ 10 ಸಾವಿರ ಡಾಲರ್ ಸಲೀಸಾಗಿ ದಾಟುತ್ತದೆ. ಹಾಗಾಗಿ ಮೊದಲ ದೋಣಿ ಹಳೆಯದಾದರೆ ತಪ್ಪೇನಿಲ್ಲ. ನೋಡಲು ಹಗಲಲ್ಲೇ ಹೋಗಿ, ಟಾರ್ಚ್ ಒಯ್ಯಿರಿ.

ಮೊದಲು ತಳಕ್ಕೆ ಬಗ್ಗಿ. ತಟ್ಟು ಗೀರು ಇದ್ದರೆ ಪರವಾಗಿಲ್ಲ. ಪಕ್ಕೆಲುಬುಗಳು ತಳಕ್ಕೆ ಸೇರುವ ಜಾಗ, ಟ್ರಾನ್ಸಮ್ ಮೂಲೆಗಳು ಇಲ್ಲಿ ಕೂದಲೆಳೆಯ ಬಿರುಕು ಹುಡುಕಿ. ಮೇಲೆ ಹೊಸ ಪೇಂಟ್ ಬಳಿದಿದ್ದರೆ ಅನುಮಾನ ಪಡಿ. ಆಮೇಲೆ ಮಾರುವವರ ಒಪ್ಪಿಗೆ ಪಡೆದು ಟ್ರೇಲರ್ ಮೇಲೇ ಇರುವ ದೋಣಿಗೆ ಎರಡು ಮೂರು ಇಂಚು ನೀರು ಬಿಡಿ. ಹೊರಗಿನಿಂದ ಎಲ್ಲಿ ಹನಿಯುತ್ತದೆ ಅಂತ ಚಾಕ್‌ನಿಂದ ಗುರುತು ಹಾಕಿ. ತುಂಬ ಬಿಡಬೇಡಿ, ನೀರಿನ ಭಾರಕ್ಕೆ ಟ್ರೇಲರ್ ಬಗ್ಗೀತು. ಒಂದೆರಡು ರಿವೆಟ್ ಹನಿದರೆ ಬೆಲೆ ಇಳಿಸಲು ಕಾರಣ ಸಿಕ್ಕಿತು. ಸಾಲಿಗೆ ಸಾಲೇ ಹನಿದರೆ ನಮಸ್ಕಾರ ಹೇಳಿ ಬನ್ನಿ.

ಹಳೆಯ ದೋಣಿಗಳ ಟ್ರಾನ್ಸಮ್ ಒಳಗೆ ಮರ ಇರುತ್ತದೆ, ಅದು ಕೊಳೆಯುತ್ತದೆ. ಮೋಟಾರಿನ ಕೆಳಭಾಗ ಹಿಡಿದು ಮೇಲೆ ಕೆಳಗೆ ಒತ್ತಿ. ಗೋಡೆ ಬಗ್ಗಿದರೆ ಮರ ಹೋಗಿದೆ ಅಂತ ಅರ್ಥ. ಸೀಟುಗಳ ಕೆಳಗಿನ ಫೋಮ್ ಇನ್ನೊಂದು ಗುಟ್ಟಿನ ಜಾಗ. ದೋಣಿ ಮಗುಚಿದರೂ ಮುಳುಗದಂತೆ ತಡೆಯುವುದು ಅದೇ. ವರ್ಷಗಟ್ಟಲೆ ನೀರು ಕುಡಿದು ಅದು ಭಾರವಾಗಿರಬಹುದು. ಲಾರಿ ತೂಕದ ಸೇತುವೆಯಲ್ಲಿ ತೂಗಿ ತಯಾರಕರ ಸಂಖ್ಯೆಗೆ ಹೋಲಿಸಿದರೆ ಗೊತ್ತಾಗುತ್ತದೆ.

ಮೋಟಾರನ್ನು ಚಾಲೂ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಾಗುವ ತನಕ ಕಾಯಿರಿ. ತಣ್ಣಗಿದ್ದಾಗ ಚಾಲೂ ಆಗುವುದೇ ಪರೀಕ್ಷೆ. ಪಕ್ಕದ ತೂತಿನಿಂದ ನೀರಿನ ಧಾರೆ ಸರಿಯಾಗಿ ಚಿಮ್ಮಬೇಕು. ಗೇರ್ ಎಣ್ಣೆಯ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ.

ಹಿಂಬದಿಯ ಬಲ ಮೂಲೆಯಲ್ಲಿ 12 ಅಕ್ಷರ ಮತ್ತು ಅಂಕಿಗಳ ಹಲ್ ಸಂಖ್ಯೆ ಇರುತ್ತದೆ. 1984ರ ನಂತರದ ದೋಣಿಗಳಲ್ಲಿ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಕಾಗದಪತ್ರದ ಸಂಖ್ಯೆಗೆ ತಾಳೆ ನೋಡಿ. ತಾಳೆಯಾಗದಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಟ್ರೇಲರ್ ಬಗ್ಗೆ ಚುಟುಕಾಗಿ: ಚಕ್ರದ ಬೇರಿಂಗ್ ಅಲುಗಾಡಬಾರದು, ಟಯರ್ ಬಿರುಕು ಬಿಟ್ಟಿರಬಾರದು, ದೀಪ ಉರಿಯಬೇಕು. ಕತ್ತಲೆಯಲ್ಲಿ ರಸ್ತೆ ಬದಿ ಬೇರಿಂಗ್ ಹೋದರೆ ಆ ದಿನದ ಬೇಟೆ ಅಲ್ಲಿಗೇ ಮುಗಿಯಿತು.

ಹೆಜ್ಜೆ 9: ಕಾನೂನು ಕೇಳುವ ಸಾಮಾನು ಮತ್ತು ಕಾಗದ

ಪ್ರತಿಯೊಬ್ಬರಿಗೂ ಅವರ ಅಳತೆಯ ಲೈಫ್ ಜಾಕೆಟ್. 16 ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಗೆ ಎಸೆಯುವಂಥದ್ದು ಇನ್ನೊಂದು. ಕತ್ತಲೆಯಲ್ಲಿ ದೀಪ ಕಡ್ಡಾಯ. 2021ರ ಏಪ್ರಿಲ್ 1ರಿಂದ, 26 ಅಡಿಗಿಂತ ಚಿಕ್ಕದಾದ ಬಹುತೇಕ ಮೋಟಾರ್ ದೋಣಿಗಳಲ್ಲಿ ಎಂಜಿನ್ ಕಟ್-ಆಫ್ ಸ್ವಿಚ್, ಅಂದರೆ ದಾರ ಕಿತ್ತರೆ ಎಂಜಿನ್ ನಿಲ್ಲಿಸುವ ಸ್ವಿಚ್, ಇದ್ದರೆ ಅದರ ದಾರವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಳ್ಳಬೇಕು. ಟಿಲ್ಲರ್ ಹಿಡಿದು ಒಬ್ಬರೇ ಹೋಗುವಾಗ ಇದು ಬರೀ ಕಾನೂನಿನ ಮಾತಲ್ಲ. ನೀವು ಬಿದ್ದ ಮೇಲೂ ದೋಣಿ ಸುತ್ತು ಹಾಕಿಕೊಂಡು ನಿಮ್ಮ ಮೇಲೇ ಬರಬಹುದು. ತಣ್ಣೀರಿಗೆ ಬಿದ್ದವರಿಗೆ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಜಾಕೆಟ್ ದೋಣಿಯ ಮೂಲೆಯಲ್ಲಿದ್ದರೆ ಪ್ರಯೋಜನವಿಲ್ಲ.

ಬೇಟೆಗೆ ರಾಜ್ಯದ ಪರವಾನಗಿ, ಜೊತೆಗೆ 16 ವರ್ಷ ತುಂಬಿದವರಿಗೆ ಫೆಡರಲ್ ಡಕ್ ಸ್ಟ್ಯಾಂಪ್. 1934ರಿಂದ ಇರುವ ಈ ಸ್ಟ್ಯಾಂಪಿಗೆ ಈಗ 25 ಡಾಲರ್. ಆ ಹಣದಿಂದ ಬಾತುಗಳು ಬದುಕುವ ಜೌಗು ಪ್ರದೇಶಗಳನ್ನು ಉಳಿಸುತ್ತಾರೆ. ಬಾತು ಬೇಟೆಗೆ ಸೀಸದ ತೋಟಾ 1991ರಿಂದ ದೇಶದಾದ್ಯಂತ ನಿಷೇಧ. ದೋಣಿಗೆ ಸಂಬಂಧಿಸಿದ ನಿಯಮ ಇನ್ನೊಂದಿದೆ. ಮೋಟಾರ್ ಪೂರ್ತಿ ನಿಲ್ಲಿಸಿ, ಅದರ ವೇಗದಿಂದ ದೋಣಿ ಸಾಗುವುದೂ ನಿಂತ ಮೇಲೆಯೇ ಬಾತಿನ ಮೇಲೆ ಗುಂಡು ಹಾರಿಸಬಹುದು. ಮಿಸಿಸಿಪಿಯ ಈ ಭಾಗದಲ್ಲಿ 1924ರಲ್ಲಿ ಮಾಡಿದ ರಾಷ್ಟ್ರೀಯ ವನ್ಯಜೀವಿ ಮತ್ತು ಮೀನು ಆಶ್ರಯತಾಣ ವಾಬಾಶಾದಿಂದ ರಾಕ್ ಐಲೆಂಡ್ ತನಕ 261 ಮೈಲಿ ಚಾಚಿದೆ. ಅದರಲ್ಲಿ ಬೇಟೆಗೆ ಮುಚ್ಚಿದ ಜಾಗಗಳಿವೆ, ಎಲೆಕ್ಟ್ರಿಕ್ ಮೋಟಾರ್ ಮಾತ್ರ ಬಿಡುವ ಜಾಗಗಳೂ ಇವೆ. ಮೋಟಾರ್ ಕೊಳ್ಳುವ ಮೊದಲೇ ನಕ್ಷೆ ನೋಡಿ.

ನಮ್ಮವರಿಗೆ ವಿಶೇಷವಾಗಿ ಒಂದು ವಿಷಯ. ಎಚ್-1ಬಿ ಥರದ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಅಂದರೆ ಪರವಾನಗಿ ಮೊದಲು, ಬಂದೂಕು ಆಮೇಲೆ. ಗೆಳೆಯನ ಬಂದೂಕು "ಒಂದು ಸಲ ಹಿಡಿದು ನೋಡ್ತೀನಿ" ಅನ್ನುವುದೂ ಅಪಾಯವೇ. ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹೆಜ್ಜೆ 10: ಸೆಪ್ಟೆಂಬರಿನಲ್ಲಿ ತಾಲೀಮು

ದೋಣಿ ಮನೆಗೆ ಬಂತು, ಬೇಸಿಗೆ ಪೂರ್ತಿ ಮೀನು ಹಿಡಿದಿರಿ. ಬೇಟೆಯ ಋತು ಶುರುವಾಗುವ ಮೊದಲು, ನೀರು ಇನ್ನೂ ಬೆಚ್ಚಗಿರುವಾಗ, ಒಂದು ಸಂಜೆ ನವೆಂಬರಿನ ಸಾಮಾನೆಲ್ಲ ತುಂಬಿ ನೀರಿಗೆ ಇಳಿಸಿ. ನಾಯಿಯೂ ಇರಲಿ, ಬ್ಲೈಂಡೂ ಇರಲಿ, ಬಂದೂಕು ಮಾತ್ರ ಬೇಡ.

ನಿಂತಲ್ಲೇ ಮೊದಲು ನೋಡಿ. ಹಿಂಬದಿ ತೀರ ತಗ್ಗಿದ್ದರೆ ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕನ್ನು ಮುಂದಕ್ಕೆ ಸರಿಸಿ. ಓಡುವಾಗ ಮೂತಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮೋಟಾರಿನ ಕೋನವನ್ನು ಒಂದು ತೂತು ಒಳಕ್ಕೆ ತನ್ನಿ. ಇಬ್ಬರೂ ಒಂದೇ ಬದಿಗೆ ನಿಧಾನಕ್ಕೆ ಎದ್ದು ನಿಂತು ಅಂಚು ಎಷ್ಟು ತಗ್ಗುತ್ತದೆ ನೋಡಿ. ನಾಯಿಯನ್ನು ಏಣಿಯಿಂದ ಹತ್ತಿಸಿ ಇಳಿಸಿ ರೂಢಿ ಮಾಡಿಸಿ. ಗಳ ಹಾಕಿ ಒಬ್ಬರೇ ಎಷ್ಟು ದೂರ ತಳ್ಳಬಲ್ಲಿರಿ ಅಂತಲೂ ಗೊತ್ತಾಗಲಿ. ಇಷ್ಟಾದ ಮೇಲೆ ಪ್ರತಿ ಸಾಮಾನಿಗೂ ಒಂದು ಜಾಗ ಗೊತ್ತುಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಬೆಳಗಿನ ಜಾವದ ಕತ್ತಲೆಯಲ್ಲಿ ಅದೇ ಕ್ರಮದಲ್ಲಿ ತುಂಬಿದರೆ ಆಯಿತು.

ದಡಕ್ಕೆ ಬಂದ ಮೇಲೆ ತಳದ ಬಿರಡೆ ತೆಗೆದು ನೀರೆಲ್ಲ ಹರಿಯಬಿಡಿ, ಟ್ರೇಲರಿಗೆ ಸುತ್ತಿಕೊಂಡ ಕಳೆ ಕಿತ್ತು ಹಾಕಿ. ಜೀಬ್ರಾ ಮಸಲ್ ಥರದ ಚಿಪ್ಪುಹುಳುಗಳು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವುದು ಹೀಗೇ. ಮಿನ್ನೆಸೋಟದಲ್ಲಿ ಬಿರಡೆ ಹಾಕಿಕೊಂಡು ರಸ್ತೆಗೆ ಇಳಿದರೆ ದಂಡವೂ ಬೀಳಬಹುದು. ಚಳಿಗಾಲ ಹತ್ತಿರವಾದಾಗ ಮೋಟಾರನ್ನು ನೆಟ್ಟಗೆ ಇಳಿಸಿ ಒಳಗಿನ ನೀರು ಪೂರ್ತಿ ಬಸಿಯುವ ತನಕ ಹಾಗೇ ಬಿಡಿ. ತೆಗೆದ ಬಿರಡೆಯನ್ನು ಟ್ರೇಲರಿನ ಕೀಲಿಗೊಂಚಲಿಗೇ ಕಟ್ಟಿ. ಮುಂದಿನ ಸಲ ದೋಣಿ ಇಳಿಸುವ ಮೊದಲು ಅದು ಕೈಗೇ ಸಿಗುತ್ತದೆ.